ಹೂಜಿಯ ಹೆಗಲ ಮೇಲೆ ಗೀಚಿದ ಸಾಲು

ಬುಧವಾರ, ಅಥೆನ್ಸ್

ಅಥೆನ್ಸಿಗೆ ಬಂದವರೆಲ್ಲ ಮೊದಲು ಅಕ್ರೊಪೊಲಿಸ್ ಹತ್ತುತ್ತಾರೆ. ನಾವು ನೇರ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯಕ್ಕೆ ಹೋದೆವು. ಅಕ್ಕ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸುತ್ತಲೇ ನಿವೃತ್ತಳಾದವಳು. ನಾನು ಶಾಸನಗಳ ಹುಚ್ಚು ಹತ್ತಿಸಿಕೊಂಡವಳು. ಗ್ರೀಕರು ಈಗಿನ ಲೆಬನಾನ್ ತೀರದ ಹಡಗು ವ್ಯಾಪಾರಿಗಳಾದ ಫಿನೀಷಿಯನ್ನರಿಂದ ಅಕ್ಷರ ಕಲಿತದ್ದರ ಕುರುಹುಗಳನ್ನು ಅವು ಇರುವಲ್ಲಿಗೇ ಹೋಗಿ ನೋಡಬೇಕೆಂಬುದು ನನ್ನ ಹಟ. "ಆಯ್ತು ಮಾರಾಯ್ತಿ, ಮಧ್ಯಾಹ್ನದ ಊಟ ಮಾತ್ರ ತಪ್ಪಿಸ್ಬೇಡ" ಎಂಬುದು ಅಕ್ಕನ ಷರತ್ತು.

ಕಂಚಿನ ಯುಗದ ಗ್ರೀಕ್ ಅರಮನೆಗಳ ಕಾಲದ, ಮೈಸೀನಿಯ ಕೋಣೆಯಲ್ಲಿ ಟ್ರಾಯ್ ಯುದ್ಧದ ರಾಜ ಅಗಮೆಮ್ನಾನನದೆನ್ನುವ ಚಿನ್ನದ ಮುಖವಾಡಕ್ಕೆ ಜನ ಮುತ್ತಿದ್ದರು. ನನಗೆ ಬೇಕಾದದ್ದು ಪಕ್ಕದ ಮಣ್ಣಿನ ಫಲಕಗಳು. ಪೈಲೊಸ್ ಅರಮನೆಯ ಲೆಕ್ಕಪತ್ರ ಅವು: ಕುರಿ ಎಷ್ಟು, ಎಣ್ಣೆ ಎಷ್ಟು, ಕಂಚು ಯಾರಿಗೆ ಹೋಯಿತು. ಲಿನಿಯರ್ ಬಿ ಎಂಬ ಈ ಬರಹವನ್ನು 1952ರಲ್ಲಿ ಓದಿ ತೋರಿಸಿದವನು ಮೈಕಲ್ ವೆಂಟ್ರಿಸ್, ವೃತ್ತಿಯಿಂದ ವಾಸ್ತುಶಿಲ್ಪಿ. ಅದರ ಭಾಷೆ ಗ್ರೀಕೇ. ಆದರೆ ಅಕ್ಷರಮಾಲೆ ಅಲ್ಲ. ಕ, ಕಿ, ಕೊ ಎಂಬ ಒಂದೊಂದು ಉಚ್ಚಾರಕ್ಕೂ ಸಂಬಂಧವಿಲ್ಲದ ಬೇರೆ ಬೇರೆ ಚಿಹ್ನೆ, ಒಟ್ಟು ಸುಮಾರು 90. ಕಲಿತವರು ಅರಮನೆಯ ಗುಮಾಸ್ತರು ಮಾತ್ರ. ಕ್ರಿ.ಪೂ. 1200ರ ಆಸುಪಾಸಿನಲ್ಲಿ ಅರಮನೆಗಳು ಸುಟ್ಟವು, ಗುಮಾಸ್ತರು ಚದುರಿದರು, ಬರಹ ಅವರ ಜೊತೆಗೇ ಅಳಿಯಿತು. ಆಮೇಲೆ ನಾಲ್ಕು ಶತಮಾನಗಳಷ್ಟು ಕಾಲ ಗ್ರೀಸಿನ ನೆಲದಲ್ಲಿ ಬರೆಯುವವರೇ ಇರಲಿಲ್ಲ. (ಸೈಪ್ರಸ್ಸಿನ ಗ್ರೀಕರ ಬಳಿ ಮಾತ್ರ ಇಂಥದ್ದೇ ಇನ್ನೊಂದು ಲಿಪಿ ಉಳಿದುಕೊಂಡಿತ್ತು.)

ಅಲ್ಲಿಂದ ಹೂಜಿಯ ಹತ್ತಿರ ಬಂದೆವು. ಇಷ್ಟು ದೂರ ಬಂದದ್ದೇ ಇದಕ್ಕಾಗಿ. ಒಂದು ಗೇಣು ಎತ್ತರದ ಮದ್ಯದ ಹೂಜಿ, ಅಥೆನ್ಸಿನ ಡಿಪಿಲಾನ್ ಬಾಗಿಲ ಬಳಿಯ ಸ್ಮಶಾನದಲ್ಲಿ 1871ರಲ್ಲಿ ಸಿಕ್ಕದ್ದು, ಮಾಡಿದ್ದು ಕ್ರಿ.ಪೂ. 740ರ ಸುಮಾರಿಗೆ. ಹೆಗಲ ಸುತ್ತ, ಸುಟ್ಟ ಮೇಲೆ, ಯಾರೋ ಮೊನೆಯಾದ ವಸ್ತುವಿನಿಂದ ಕಪ್ಪು ಬಣ್ಣ ಕೆರೆದು ಒಂದು ಸಾಲು ಬರೆದಿದ್ದಾರೆ, ಬಲದಿಂದ ಎಡಕ್ಕೆ: "ಹೊಸ್ ನ್ಯೂನ್ ಒರ್ಖೇಸ್ತೋನ್ ಪಾಂತೋನ್ ಅತಲೋತತ ಪಾಯ್ಜೆಯ್". ಈಗ ಕುಣಿಯುವವರಲ್ಲೆಲ್ಲ ಯಾರು ಎಲ್ಲರಿಗಿಂತ ನವಿರಾಗಿ ಕುಣಿಯುತ್ತಾರೋ, ಎಂದು. ಮುಂದಿನ ತುಣುಕು 'ಇದು ಅವನದು' ಎಂಬಂತೆ ಶುರುವಾಗಿ ಗೋಜಲಾಗುತ್ತದೆ. ಅದನ್ನು ಇನ್ನೊಂದು, ಪಳಗದ ಕೈ ಬರೆಯಿತೆಂದು ಹಲವರ ಊಹೆ. ಆದರೆ ಆ ಮೊದಲ ಸಾಲು ಲೆಕ್ಕ ತಪ್ಪದ ಛಂದಸ್ಸು, ಹೋಮರನ ಕಾವ್ಯದ ಅದೇ ಆರು ಗಣಗಳ ಹೆಕ್ಸಾಮೀಟರ್. ಗ್ರೀಕ್ ಅಕ್ಷರಗಳಲ್ಲಿ ಉಳಿದ ಅತ್ಯಂತ ಹಳೆಯ ಬರಹಗಳಲ್ಲಿ ಇದೂ ಒಂದು. ಕುರಿಯ ಲೆಕ್ಕ ಇಲ್ಲ, ರಾಜನ ಹೆಸರಿಲ್ಲ. ಕುಣಿತದ ಪಂದ್ಯ, ಬಹುಮಾನಕ್ಕೊಂದು ಹೂಜಿ.

ಅಕ್ಕ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು. "ಇದೇನೇ, 'ಎ' ಅಡ್ಡ ಬಿದ್ದಿದೆ?"

ಹೌದು, ಆ ಹೂಜಿಯ ಆಲ್ಫಾ ಮಗ್ಗುಲಾಗಿ ಮಲಗಿದೆ. ಫಿನೀಷಿಯನ್ನರ ಆಲೆಫ್ ಹಾಗೇ ಇರುತ್ತಿತ್ತು. ಅಥೆನ್ಸಿನಲ್ಲಿ ಮುಂದೆ ಅದು ಎದ್ದು ನಿಂತಿತು.

"ನಮ್ ಮಕ್ಳೂ ಹೀಗೇ ಬರೆಯೋದು. ಅಡ್ಡ, ಉಲ್ಟಾ, ಬಲದಿಂದ ಎಡಕ್ಕೆ. ತಪ್ಪು ಅಂತ ಹೇಳೋವರೆಗೂ ಅವಕ್ಕದು ತಪ್ಪೇ ಅಲ್ಲ" ಎಂದಳು ಅಕ್ಕ. ಇಲ್ಲಿಯೂ ಹೇಳುವವರು ಇನ್ನೂ ಹುಟ್ಟಿರಲಿಲ್ಲ.

ಗುರುವಾರ, ಅಥೆನ್ಸ್

ಬೆಳಿಗ್ಗೆ ಕೆರಮೈಕೊಸ್. ಹೂಜಿ ಸಿಕ್ಕ ಜಾಗ ಈ ಕುಂಬಾರಗೇರಿಯ ಅಂಚು. ಡಿಪಿಲಾನ್ ಬಾಗಿಲಿನ ಅಡಿಪಾಯ, ಎರಿಡಾನೊಸ್ ಎಂಬ ಸಣ್ಣ ತೊರೆ, ಗೋರಿಕಲ್ಲುಗಳು, ಹುಲ್ಲಿನಲ್ಲಿ ಆಮೆಗಳು. ಆಮೆಗಳ ಫೋಟೊ ತೆಗೆದದ್ದೇ ಹೆಚ್ಚಾಯಿತು. ಅಕ್ಷರಕ್ಕೆ ಸಂಬಂಧಪಟ್ಟದ್ದು ಅಲ್ಲಿ ಕಣ್ಣಿಗೆ ಕಾಣುವುದು ಕಡಿಮೆ.

ಮಧ್ಯಾಹ್ನ ಶಾಸನ ಸಂಗ್ರಹಾಲಯ. ನಿನ್ನೆ ನೋಡಿದ ಕಟ್ಟಡದ್ದೇ ಇನ್ನೊಂದು ಮಗ್ಗುಲು, ಬಾಗಿಲು ತೊಸಿತ್ಸಾ ಬೀದಿಯ ಕಡೆಗೆ. ಆ ಕಡೆ ನೂರಾರು ಜನ, ಈ ಕಡೆ ನಾವಿಬ್ಬರೇ. ಬರೀ ಕಲ್ಲು, ಬರೀ ಅಕ್ಷರ. ನನಗೆ ಸ್ವರ್ಗ, ಅಕ್ಕ ಕುರ್ಚಿ ಹುಡುಕಿದಳು.

ಇಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಬಲದಿಂದ ಎಡಕ್ಕೆ ಬರೆಯುವುದನ್ನು ಗ್ರೀಕರು ಗುರುಗಳಿಂದ ಕಲಿತರು, ಆದರೆ ಅದಕ್ಕೇ ಅಂಟಿಕೊಳ್ಳಲಿಲ್ಲ. ಹಳೆಯ ಕಲ್ಲುಗಳಲ್ಲಿ ಒಂದು ಸಾಲು ಎಡಕ್ಕೆ ಹೋದರೆ ಮುಂದಿನದು ಬಲಕ್ಕೆ, ಹೊಲ ಉಳುವ ಎತ್ತು ತಿರುಗುವಂತೆ. ಹೋಲಿಕೆ ನನ್ನದಲ್ಲ, ಆ ಪದ್ಧತಿಗೆ ಗ್ರೀಕರೇ ಇಟ್ಟ ಹೆಸರು ಅದು. ಸಾಲು ತಿರುಗಿದಾಗ ಅಕ್ಷರವೂ ಕನ್ನಡಿಯೊಳಗಿನಂತೆ ಮಗುಚಿಕೊಳ್ಳುತ್ತದೆ. ಎಡದಿಂದ ಬಲಕ್ಕೆ ಎಂಬುದು ನಿಂತದ್ದು ನಿಧಾನಕ್ಕೆ.

ಊರೂರಿಗೂ ಅಕ್ಷರ ಬೇರೆ ಇದ್ದವು. ಅಥೆನ್ಸಿನದೊಂದು, ಕೊರಿಂಥಿನದೊಂದು, ಕ್ರೀಟಿನದೊಂದು. 19ನೇ ಶತಮಾನದಲ್ಲಿ ಅಡಾಲ್ಫ್ ಕಿರ್ಖಾಫ್ ಎಂಬ ಜರ್ಮನ್ ವಿದ್ವಾಂಸ ಭೂಪಟಕ್ಕೆ ಹಸಿರು, ನೀಲಿ, ಕೆಂಪು ಬಣ್ಣ ಹಚ್ಚಿ ಇವನ್ನು ಗುಂಪು ಮಾಡಿದ. ಇಂದಿಗೂ ಅದೇ ಬಣ್ಣಗಳ ಹೆಸರಿನಲ್ಲಿ ಕರೆಯುತ್ತಾರೆ. ಅಥೆನ್ಸ್ ತನ್ನ ಹಳೆಯ ಅಕ್ಷರಗಳನ್ನು ಬಿಟ್ಟು, ಈಗಿನ ಟರ್ಕಿಯ ತೀರದಲ್ಲಿದ್ದ ಗ್ರೀಕ್ ನಾಡು ಅಯೋನಿಯಾದ ಅಕ್ಷರಮಾಲೆಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು ಕ್ರಿ.ಪೂ. 403ರಲ್ಲಿ. ಈಗ ನಾವು ಗ್ರೀಕ್ ಎಂದು ಗಣಿತದ ಪುಸ್ತಕದಲ್ಲಿ ನೋಡುವುದು ಅದನ್ನೇ. ಅಂದರೆ ಸಾಕ್ರಟೀಸ್ ಓದಲು ಕಲಿತದ್ದು ಹಳೆಯ ಅಥೆನ್ಸ್ ಅಕ್ಷರಗಳಲ್ಲಿ. ವಿಷ ಕುಡಿಯುವ ಹೊತ್ತಿಗೆ, ಕ್ರಿ.ಪೂ. 399ರಲ್ಲಿ, ಊರಿನ ಅಕ್ಷರವೇ ಬದಲಾಗಿತ್ತು.

ಆ ಕಲ್ಲುಗಳ ನಡುವೆ ನನಗೆ ನೆನಪಾದದ್ದು ಮೊಳಕಾಲ್ಮೂರಿನ ಬ್ರಹ್ಮಗಿರಿ. 1892ರಲ್ಲಿ ಬಿ. ಎಲ್. ರೈಸ್ ಪತ್ತೆಮಾಡಿದ ಅಶೋಕನ ಶಾಸನ ಬ್ರಾಹ್ಮಿಯಲ್ಲಿದೆ. ಕೊನೆಯಲ್ಲಿ ಬರೆದವನ ಹೆಸರು ಚಪಡ ಎಂದಿದ್ದು, 'ಲಿಪಿಕಾರನಿಂದ' ಎಂಬ ಒಂದೇ ಪದವನ್ನು ಅವನು ವಾಯವ್ಯ ಭಾರತದ ಲಿಪಿಯಾದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಬ್ರಾಹ್ಮಿ ಎಲ್ಲಿಂದ ಬಂತು ಎಂಬ ಜಗಳ ಇನ್ನೂ ಮುಗಿದಿಲ್ಲ. ಖರೋಷ್ಠಿಯ ಬಗ್ಗೆ ಅಂಥ ಜಗಳವಿಲ್ಲ: ಅದರ ತಾಯಿ ಅರಮೇಯಿಕ್, ಅರಮೇಯಿಕ್ಕಿನ ತಾಯಿ ಫಿನೀಷಿಯನ್. ಹಾಗಾಗಿ ಚಿತ್ರದುರ್ಗ ಜಿಲ್ಲೆಯ ಬಂಡೆಯ ಮೇಲಿನ ಆ ಒಂದು ಪದ ಈ ಅಥೆನ್ಸ್ ಕಲ್ಲುಗಳಿಗೆ ದೂರದ ದಾಯಾದಿ.

ಶುಕ್ರವಾರ, ಥೀಬ್ಸ್

ಬಸ್ಸಿನಲ್ಲಿ ಒಂದೂವರೆ ಗಂಟೆ. ಪ್ರವಾಸಿಗರು ಹೆಚ್ಚು ಬರದ ಊರು, ಹೋಟೆಲಿನವರೂ "ಯಾಕೆ?" ಎಂಬ ಮುಖದಲ್ಲೇ ದಾರಿ ಹೇಳಿದರು. ಗ್ರೀಕರು ತಮ್ಮ ಅಕ್ಷರದ ಕಥೆಯನ್ನು ಕಟ್ಟಿಹಾಕಿದ್ದು ಈ ಊರಿಗೇ. ಫಿನೀಷಿಯಾದ ರಾಜಕುಮಾರ ಕಾಡ್ಮೊಸ್, ಜಿಯೂಸ್ ಹೊತ್ತೊಯ್ದ ತಂಗಿ ಯೂರೋಪಾಳನ್ನು ಹುಡುಕುತ್ತಾ ಬಂದ. ಸಿಗದೆ ಕೊನೆಗೆ ಒಂದು ಹಸುವಿನ ಬೆನ್ನುಹತ್ತಿ, ಅದು ಮಲಗಿದಲ್ಲಿ ಊರು ಕಟ್ಟಿದ. ಕ್ರಿ.ಪೂ. 5ನೇ ಶತಮಾನದ ಇತಿಹಾಸಕಾರ ಹೆರೊಡೋಟಸ್ ಹೇಳುವಂತೆ, ಅವನ ಜೊತೆ ಬಂದ ಫಿನೀಷಿಯನ್ನರು ಗ್ರೀಕರಿಗೆ ಮೊದಲು ಬರಹ ಕಲಿಸಿದರು. ಅವನು ಇಲ್ಲಿನ ಇಸ್ಮೇನಿಯದ ಅಪೊಲೊ ಗುಡಿಯಲ್ಲಿ ಮುಕ್ಕಾಲಿ ಪಾತ್ರೆಗಳ ಮೇಲೆ ಕಾಡ್ಮೊಸ್ ಕಾಲದ ಅಕ್ಷರಗಳನ್ನು ಕಣ್ಣಾರೆ ಕಂಡೆ ಎನ್ನುತ್ತಾನೆ. ಅವು ಬಹುಪಾಲು ಅಯೋನಿಯಾದ ಅಕ್ಷರಗಳಂತೆಯೇ ಇದ್ದವಂತೆ. ಅಲ್ಲೇ ಸಿಕ್ಕಿಬೀಳುತ್ತಾನೆ. ಅಷ್ಟು ಹೊಸದಾಗಿ ಕಂಡ ಅಕ್ಷರ ಪುರಾಣಕಾಲದ್ದಾಗಿರಲು ಸಾಧ್ಯವಿಲ್ಲ. ಆದರೂ ಮೂಲ ಮಾತಿನಲ್ಲಿ, ಅಕ್ಷರ ಫಿನೀಷಿಯನ್ನರದು ಎಂಬುದರಲ್ಲಿ, ಅವನು ಸರಿಯೇ.

ಗುಡಿ ಇದ್ದ ಇಸ್ಮೇನಿಯ ಗುಡ್ಡ ಊರಂಚಿನಲ್ಲಿದೆ. ಉಳಿದಿರುವುದು ಕೆಲವು ಕಲ್ಲುಗಳು, ಒಂದಿಷ್ಟು ಪೈನ್ ಮರ. ಸಂಗ್ರಹಾಲಯ ಮಾತ್ರ ಸೊಗಸಾಗಿದೆ. ಕಾಡ್ಮೊಸನ ಕೋಟೆ ಎಂದು ಕರೆಯುವ ಗುಡ್ಡದಲ್ಲಿ 1960ರ ದಶಕದಲ್ಲಿ ಸಿಕ್ಕ ನೀಲಿ ಲಾಜವರ್ತದ ಉರುಳೆ ಮುದ್ರೆಗಳು ಅಲ್ಲಿವೆ, ಹಲವು ಮೆಸೊಪೊಟೇಮಿಯದ ಕೆಲಸ. ಪೂರ್ವದೇಶದ ಜೊತೆ ಈ ಊರಿಗೆ ಹಳೆಯ ನಂಟಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಅದೇ ನೆಲದಡಿ ರಾಶಿ ರಾಶಿ ಸಿಕ್ಕ ಫಲಕಗಳು ಲಿನಿಯರ್ ಬಿ. ಕಾಡ್ಮೊಸನ ಕಾಲದ್ದು ಎನ್ನಬಹುದಾದ ಅರಮನೆಯಲ್ಲಿ ಕಾಡ್ಮೊಸನ ಅಕ್ಷರ ಇರಲೇ ಇಲ್ಲ.

ನನಗೆ ಇಲ್ಲಿ ನೋಡಬೇಕೆನಿಸಿದ ವಸ್ತುವೊಂದು ಇಲ್ಲಿಲ್ಲ, ಅಮೆರಿಕದ ಬಾಸ್ಟನ್ನಿನಲ್ಲಿದೆ. ಮಾಂಟಿಕ್ಲೊಸ್ ಎಂಬವನು ಅಪೊಲೊಗೆ ಒಪ್ಪಿಸಿದ ಕಂಚಿನ ಸಣ್ಣ ಗೊಂಬೆ, ಕ್ರಿ.ಪೂ. 7ನೇ ಶತಮಾನದ ಆರಂಭದ್ದು. ತೊಡೆಗಳ ಮೇಲೆ ಪದ್ಯ ಕೊರೆದಿದೆ: ದಶಾಂಶದ ಪಾಲಿನಿಂದ ನನ್ನನ್ನು ಅರ್ಪಿಸಿದ್ದಾನೆ, ಬದಲಿಗೆ ನೀನೂ ಏನಾದರೂ ಒಳ್ಳೆಯದು ಕೊಡು. ದೇವರ ಜೊತೆ ನೇರ ವ್ಯವಹಾರ.

ಊಟಕ್ಕೆ ಕೂತಾಗ ಅಕ್ಕನಿಗೆ ಅಕ್ಷರಗಳ ಪಾಠ ಮಾಡಿದೆ. (ಸಸ್ಯಾಹಾರಿಗಳಿಗೆ ಒಂದು ಕಿವಿಮಾತು: 'ನಿಸ್ತಿಸಿಮೊ' ಎಂದು ಕೇಳಿ. ಚರ್ಚಿನ ಉಪವಾಸದ ಅಡುಗೆ, ಮಾಂಸ ಇರುವುದಿಲ್ಲ, ಸಿಗಡಿಯಂಥವು ಮಾತ್ರ ಇರಬಹುದು. ದಪ್ಪ ಬಿಳಿ ಅವರೆಯಂಥ ಕಾಳಿನ ಟೊಮೆಟೊ ಗೊಜ್ಜು ಸಿಕ್ಕಿತು, ಅಕ್ಕ ಎರಡು ಸಲ ಹಾಕಿಸಿಕೊಂಡಳು.) ಕಾಗದದ ಕರವಸ್ತ್ರದ ಮೇಲೆ ಫಿನೀಷಿಯನ್ನರ 22 ಅಕ್ಷರ ಬರೆದೆ. ಎಲ್ಲವೂ ವ್ಯಂಜನ, ಸ್ವರಕ್ಕೆ ಅಕ್ಷರವೇ ಇಲ್ಲ. ಪ್ರತಿಯೊಂದಕ್ಕೂ ಒಂದು ವಸ್ತುವಿನ ಹೆಸರು, ಆ ಹೆಸರಿನ ಮೊದಲ ಧ್ವನಿಯೇ ಅಕ್ಷರದ ಧ್ವನಿ: ಆಲೆಫ್ ಎತ್ತು, ಬೇತ್ ಮನೆ, ದಾಲೆತ್ ಬಾಗಿಲು, ಅಯಿನ್ ಕಣ್ಣು. ಗ್ರೀಕರ ಆಲ್ಫಾ, ಬೀಟಾ, ಡೆಲ್ಟಾಗಳಿಗೆ ಗ್ರೀಕ್ ಭಾಷೆಯಲ್ಲಿ ಅರ್ಥವೇ ಇಲ್ಲ. ಕಂಠಪಾಠ ಮಾಡಿದ ಸಾಲು, ಅದೇ ಕ್ರಮ.

"ಸ್ವರ ಇಲ್ದೆ ಓದೋದು ಹೇಗೆ?" ಅಕ್ಕನಿಗೆ ಅದು ನುಂಗಲಾಗದ ತುತ್ತು. ಕಾಗುಣಿತ ಕಲಿಸಿ ಕಲಿಸಿ ಹಣ್ಣಾದವಳು. ಕರವಸ್ತ್ರದ ಮೇಲೆ 'ಕ್ಲ್' ಎಂದು ಬರೆದು ಕೊಟ್ಟೆ. ಕಾಲು, ಕೋಲು, ಕಲೆ, ಕೊಲೆ, ಕಲಿ, ಕೂಲಿ ಎಂದು ಅವಳೇ ಓದುತ್ತಾ ಹೋದಳು. ಫಿನೀಷಿಯನ್, ಹೀಬ್ರೂ, ಅರಬ್ಬಿಯಂಥ ಸೆಮಿಟಿಕ್ ಭಾಷೆಗಳಲ್ಲಿ ಪದದ ಬೇರು ವ್ಯಂಜನಗಳಲ್ಲೇ ಇರುವುದರಿಂದ ತಿಳಿದವರಿಗೆ ತೊಡಕಿಲ್ಲ. ಗ್ರೀಕಿಗೆ ಆಗದು. ಕುಣಿತದ ಆ ಸಾಲಿನಲ್ಲಿ ಸ್ವರದ ಹ್ರಸ್ವ-ದೀರ್ಘ ಲೆಕ್ಕದ ಮೇಲೆಯೇ ಛಂದಸ್ಸು ನಿಂತಿರುವುದು.

ಪರಿಹಾರವನ್ನು ಯಾರೋ ಕೂತು ಯೋಚಿಸಿದರೋ, ಕಿವಿಯೇ ಮಾಡಿಕೊಟ್ಟಿತೋ? ನಾನು ಕಿವಿಯ ಪಕ್ಷ. ಆಲೆಫ್ ಶುರುವಾಗುವುದು ಗಂಟಲಲ್ಲಿ ಉಸಿರು ಕ್ಷಣ ತಡೆದು ಬಿಡುವ ಒಂದು ವ್ಯಂಜನದಿಂದ. ಗ್ರೀಕನ ಕಿವಿಗೆ ಆ ತಡೆ ಬೀಳುವುದೇ ಇಲ್ಲ. ಅವನಿಗೆ ಕೇಳಿದ್ದು ಅದರ ನಂತರದ 'ಅ'. ಅಕ್ಷರ ಹೆಸರಿನ ಮೊದಲ ಧ್ವನಿಯನ್ನು ಸೂಚಿಸುತ್ತದೆ ಎಂದು ಗುರು ಹೇಳಿದ್ದಾನೆ, ಶಿಷ್ಯ ಅದನ್ನು 'ಅ' ಎಂದೇ ಓದಿದ. ಹೇ ಎಂಬುದು 'ಎ' ಆಯಿತು, ಗಂಟಲಾಳದ ಅಯಿನ್ 'ಒ' ಆಯಿತು, ಯೋದ್ 'ಇ' ಆಯಿತು. ವಾವ್ ಮಾತ್ರ ಎರಡಾಗಿ ಸೀಳಿತು: ವಕಾರ ಹಳೆಯ ಜಾಗದಲ್ಲೇ ಉಳಿದರೆ, 'ಉ' ಸ್ವರವನ್ನು ಸಾಲಿನ ಕೊನೆಯಲ್ಲಿ, ಫಿನೀಷಿಯನ್ನರ ಕಡೆಯ ಅಕ್ಷರ ತಾವ್ ಆದ ಮೇಲೆ ಕೂರಿಸಿದರು. ಇದು ಮಾತ್ರ ಕಿವಿಯ ಕೆಲಸವಲ್ಲ, ತಲೆಯದ್ದು. ಎ-ಏ, ಒ-ಓ ಭೇದಕ್ಕೆ ಮೊದಲು ಬೇರೆ ಅಕ್ಷರ ಇರಲಿಲ್ಲ. ಅಯೋನಿಯಾದವರು ಆಮೇಲೆ ಮಾಡಿಕೊಂಡರು. ಇದನ್ನು ಹೇಳಿ ನಗುವ ಹಾಗಿಲ್ಲ, ನಮ್ಮ ಹಳಗನ್ನಡ ಶಾಸನಗಳಲ್ಲೂ ಈ ಭೇದವನ್ನು ಸಾಮಾನ್ಯವಾಗಿ ಓದುವವರೇ ಊಹಿಸಿಕೊಳ್ಳಬೇಕು.

ಶನಿವಾರ, ಎರೆಟ್ರಿಯಾ

ಸ್ಕಾಲಾ ಒರೊಪೂವರೆಗೆ ಬಸ್ಸು, ಅಲ್ಲಿಂದ ಯುಬಿಯಾ ದ್ವೀಪಕ್ಕೆ ಅರ್ಧ ಗಂಟೆಯೊಳಗಿನ ದೋಣಿ. ದೋಣಿಯಲ್ಲಿ ಲಾರಿಗಳು, ಕಾಲೇಜು ಹುಡುಗರು, ಜೋರು ಗಾಳಿ.

ಅಕ್ಷರ ಗ್ರೀಕರ ಕೈಗೆ ದಾಟಿದ್ದು ಎಲ್ಲಿ ಎಂಬ ಪ್ರಶ್ನೆಗೆ ಬಹಳ ಜನ ಬೊಟ್ಟುಮಾಡುವುದು ಈ ದ್ವೀಪದವರ ಕಡೆಗೆ. ಕ್ರಿ.ಪೂ. 10ನೇ ಶತಮಾನದಲ್ಲೇ ಇಲ್ಲಿಗೆ ಹತ್ತಿರದ ಲೆಫ್ಕಂಡಿಯಲ್ಲಿ ಸುಮಾರು 50 ಮೀಟರ್ ಉದ್ದದ ಕಟ್ಟಡದೊಳಗೆ ಒಬ್ಬ ಪುರುಷನ ಬೂದಿಯನ್ನು ಸೈಪ್ರಸ್ಸಿನ ಕಂಚಿನ ಪಾತ್ರೆಯಲ್ಲಿ, ಜೊತೆಗೆ ಚಿನ್ನ ತೊಟ್ಟ ಹೆಂಗಸೊಬ್ಬಳನ್ನು, ಕುದುರೆಗಳನ್ನು ಹುಗಿದಿದ್ದರು. ಅವಳ ಕೊರಳ ಪದಕ ಬ್ಯಾಬಿಲೋನಿಯಾ ಕಡೆಯದು, ಅವಳ ಕಾಲಕ್ಕಾಗಲೇ ನೂರಾರು ವರ್ಷ ಹಳೆಯದು. ಉಳಿದ ಗ್ರೀಸ್ ಬಡತನದಲ್ಲಿ ಮುದುಡಿದ್ದಾಗ ಇವರು ಸಮುದ್ರ ಬಿಟ್ಟಿರಲಿಲ್ಲ.

ಎರೆಟ್ರಿಯಾದಲ್ಲಿ ಸ್ವಿಟ್ಜರ್ಲೆಂಡಿನ ಪುರಾತತ್ತ್ವಜ್ಞರು 1964ರಿಂದ ಅಗೆಯುತ್ತಿದ್ದಾರೆ. ಅಪೊಲೊ ಡಾಫ್ನೆಫೊರೊಸ್ ಗುಡಿಯ ಅಡಿಪಾಯ ಈಗ ಮನೆಗಳ ನಡುವಿನ ಬೇಲಿಯೊಳಗಿದೆ. ಆ ಆವರಣದಲ್ಲಿ ಕ್ರಿ.ಪೂ. 8ನೇ ಶತಮಾನದ, ಗೀಚು ಬರಹವುಳ್ಳ ಮಡಕೆ ಚೂರುಗಳು ಹತ್ತಾರು ಸಿಕ್ಕಿವೆ: ಕುಡಿಯುವ ಬಟ್ಟಲುಗಳು, ಹೆಸರಿನ ತುಣುಕುಗಳು, ಬರೀ ಗುರುತುಗಳು. ಅವುಗಳ ನಡುವೆ ಒಂದು ಚೂರಿನ ಮೇಲಿನದು ಗ್ರೀಕ್ ಅಲ್ಲ, ಸೆಮಿಟಿಕ್ ಅಕ್ಷರ. ಬೆರಳಷ್ಟು ಜಾಗದ ಬರಹ. ಆದರೆ ಒಂದೇ ಗುಡಿಯ ಅಂಗಳದಲ್ಲಿ ಎರಡೂ ಬರಹದ ಪಾತ್ರೆಗಳಿದ್ದವು ಎಂದಾಯಿತು. ಕಾಡ್ಮೊಸನ ಕಥೆಗಿಂತ ನನಗೆ ಈ ಚೂರು ದೊಡ್ಡದು.

ಇದೇ ಯುಬಿಯನ್ನರು ಪಶ್ಚಿಮಕ್ಕೆ ಹೋಗಿ ನೇಪಲ್ಸ್ ಬಳಿಯ ಇಸ್ಕಿಯಾ ದ್ವೀಪದಲ್ಲಿ ಫಿನೀಷಿಯನ್ನರ ನೆರೆಯಲ್ಲೇ ನೆಲೆಸಿದ್ದರು. ಅಲ್ಲಿನ ಗೋರಿಯೊಂದರಲ್ಲಿ 1954ರಲ್ಲಿ ಜೊರ್ಜೊ ಬುಖ್ನರ್‌ಗೆ ಸಿಕ್ಕ ಬಟ್ಟಲಿನ ಮೇಲೆ, ಮತ್ತೆ ಬಲದಿಂದ ಎಡಕ್ಕೆ, ಮೂರು ಸಾಲಿದೆ: ಇದು ನೆಸ್ಟರನ ಬಟ್ಟಲು, ಕುಡಿಯಲು ಹಿತ, ಇದರಲ್ಲಿ ಕುಡಿದವನನ್ನು ಚೆಂದದ ಕಿರೀಟದ ಅಫ್ರೊಡೈಟಿಯ ಮೋಹ ಆ ಕ್ಷಣವೇ ಹಿಡಿಯುವುದು. ಹೋಮರನ ಇಲಿಯಡ್ಡಿನಲ್ಲಿ ಮುದಿ ರಾಜ ನೆಸ್ಟರನ ಬಟ್ಟಲು ಚಿನ್ನದ ಪಾರಿವಾಳಗಳಿರುವ, ಎತ್ತಲು ಭಾರವಾದ ಪಾತ್ರೆ. ಇದು ಅಂಗೈಗೆ ಹಿಡಿಯುವ ಮಣ್ಣಿನದು. ಕುಡಿಯುವ ಮನೆಯ ತಮಾಷೆ. ಈ ಯುಬಿಯನ್ನರ ಅಕ್ಷರವನ್ನೇ ಇಟಲಿಯ ಎಟ್ರುಸ್ಕನ್ನರು ಕಲಿತರು, ಅವರಿಂದ ರೋಮನ್ನರು. ನಮ್ಮ ಫೋನಿನ ಇಂಗ್ಲಿಷ್ ಕೀಲಿಮಣೆಯ ಅಕ್ಷರಗಳು ಬಂದದ್ದು ಆ ದಾರಿಯಲ್ಲೇ.

ಸಂಗ್ರಹಾಲಯದಲ್ಲಿ ಲೆಫ್ಕಂಡಿಯ ಮಣ್ಣಿನ ಕಿನ್ನರನ ಗೊಂಬೆಯಿದೆ, ಅರ್ಧ ಮನುಷ್ಯ ಅರ್ಧ ಕುದುರೆ. ಅಕ್ಕನಿಗೆ ಬಟ್ಟಲು ಚೂರುಗಳಿಗಿಂತ ಅದೇ ಹಿಡಿಸಿತು.

ಭಾನುವಾರ

ಅಥೆನ್ಸಿಗೆ ವಾಪಸ್, ಬಟ್ಟೆ ಒಗೆತ, ರಾತ್ರಿ ಪಿರೇಯಸ್ಸಿನಿಂದ ಕ್ರೀಟಿಗೆ ಹಡಗು. ಬರೆಯುವಂಥದ್ದೇನೂ ಇಲ್ಲ.

ಸೋಮವಾರ, ಕ್ರೀಟ್

ಬೆಳಗಿನ ಜಾವ ಹೆರಾಕ್ಲಿಯೊನ್. ಸಂಗ್ರಹಾಲಯದಲ್ಲಿ, ಇನ್ನೂ ಓದಲಾಗದ ಚಿಹ್ನೆಗಳಿರುವ ಫೈಸ್ಟೊಸ್ ತಟ್ಟೆಯ ಮುಂದೆ ಜನರ ಸಾಲು. ನಾವು ಹುಡುಕಿದ್ದು ನೊಸೊಸ್ ಹತ್ತಿರದ ಟೆಕ್ಕೆ ಗೋರಿಯ ಕಂಚಿನ ಬಟ್ಟಲು. ಅದರ ಮೇಲೆ ಒಡೆಯನನ್ನು ಹೆಸರಿಸುವ ಫಿನೀಷಿಯನ್ ಬರಹವಿದೆ, ಸುಮಾರು ಕ್ರಿ.ಪೂ. 900ರದ್ದು, ಅಂದರೆ ಡಿಪಿಲಾನ್ ಹೂಜಿಗಿಂತ ಒಂದೂವರೆ ಶತಮಾನ ಹಿಂದಿನದು. 'ಇದು ಇಂಥವನ ಬಟ್ಟಲು' ಎಂದು ಬರೆಯುವ ಚಾಳಿಯನ್ನೂ ಗ್ರೀಕರು ಅಕ್ಷರದ ಜೊತೆಗೇ ಕಲಿತರೋ ಏನೋ.

ಮಧ್ಯಾಹ್ನ ಬಸ್ಸಿನಲ್ಲಿ ದಕ್ಷಿಣಕ್ಕೆ, ಗೊರ್ಟಿನ್. 1884ರಲ್ಲಿ ಫೆಡೆರಿಕೊ ಹಾಲ್‌ಬೆರ್ ಇಲ್ಲಿನ ಹಳ್ಳದ ನೀರಿನಲ್ಲಿ ಕಂಡ ಗೋಡೆ, ಕ್ರಿ.ಪೂ. 5ನೇ ಶತಮಾನದ ಕಾನೂನು: 12 ಅಂಕಣ, 600ಕ್ಕೂ ಹೆಚ್ಚು ಸಾಲು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಾ. ಆಮೇಲೆ ರೋಮನ್ನರು ಅದನ್ನು ತಮ್ಮ ರಂಗಮಂದಿರದ ಗೋಡೆಗೆ ಬಳಸಿಕೊಂಡದ್ದರಿಂದ ಉಳಿಯಿತು. ಮಗನಿಗೆ ಎರಡು ಪಾಲು ಆಸ್ತಿಯಾದರೆ ಮಗಳಿಗೆ ಒಂದು ಪಾಲು. ಗಂಡನನ್ನು ಬಿಟ್ಟು ಹೋಗುವ ಹೆಂಡತಿ ತಾನು ತಂದದ್ದನ್ನು ತೆಗೆದುಕೊಂಡು ಹೋಗಬಹುದು, ನೇಯ್ದ ಬಟ್ಟೆಯಲ್ಲಿ ಅರ್ಧ ಅವಳದು. ಅಕ್ಕ ಇದನ್ನು ಕೇಳಿ ಗೋಡೆಯ ಮುಂದೆಯೇ ಕೂತುಬಿಟ್ಟಳು. "ಅರ್ಧ ಆದ್ರೂ ಕೊಟ್ರಲ್ಲ ಆ ಕಾಲದಲ್ಲಿ."

ಅಕ್ಷರಗಳು ಇನ್ನೂ ಹಳೆಯ ಜಾಯಮಾನದವು. ಬೇರೆ ಗ್ರೀಕರು ಫ, ಖ ಎಂಬ ಮಹಾಪ್ರಾಣಗಳಿಗೆ ಹೊಸ ಅಕ್ಷರ ಸೇರಿಸಿಕೊಂಡಿದ್ದರು. ಕ್ರೀಟಿನವರು ಪ, ಕ ಸಾಕು ಎಂದು ಕೂತಿದ್ದರು. ಅಚ್ಚಗನ್ನಡದವರಿಗೆ ಇದರಲ್ಲಿ ತಕರಾರಿರಬಾರದು. ಕ್ರೀಟಿನ ಇನ್ನೊಂದು ಕಂಚಿನ ಶಾಸನ, ಈಗ ಲಂಡನ್ನಿನಲ್ಲಿರುವುದು, ಸ್ಪೆನ್ಸಿಥಿಯೊಸ್ ಎಂಬವನನ್ನು ಊರಿನ ಬರಹಗಾರನಾಗಿ ನೇಮಿಸುತ್ತದೆ: ಸುಮಾರು ಕ್ರಿ.ಪೂ. 500ರಲ್ಲಿ, ತೆರಿಗೆ ಮಾಫಿ ಕೊಟ್ಟು, ಕೆಲಸ ವಂಶಪಾರಂಪರ್ಯವಾಗಿ. ನಮ್ಮ ಶಾನುಭೋಗರೇ. ಅವನ ಹುದ್ದೆಯ ಹೆಸರಿನಲ್ಲೇ ಫಿನೀಷಿಯನ್ನರ ಹೆಸರಿದೆ. ಹೂಜಿ ಬಟ್ಟಲಿನ ಮೇಲೆ ಶುರುವಾದದ್ದು ಎರಡೂವರೆ ಶತಮಾನದಲ್ಲಿ ಸರ್ಕಾರಿ ನೌಕರಿಯಾಯಿತು.

ಗೊರ್ಟಿನ್ನಿನ ಹಳ್ಳದ ಬಳಿ ಎಲೆ ಉದುರದ ಒಂದು ಪ್ಲೇನ್ ಮರವಿದೆ. ಜಿಯೂಸ್ ಯೂರೋಪಾಳನ್ನು ತಂದದ್ದು ಅದರಡಿಗೇ ಎಂದು ಕಥೆ. "ತಂಗಿ ಇಲ್ಲಿದ್ಲು, ಅವ್ನು ಥೀಬ್ಸಲ್ಲಿ ಹುಡುಕ್ತಿದ್ದ. ನಕಾಶೆ ಇಲ್ದೆ ಹೊರಟ್ರೆ ಹೀಗೇ" ಎಂದಳು ಅಕ್ಕ.

ಮೀರೆಸ್ಸಿನಿಂದ ಟ್ಯಾಕ್ಸಿ ಹಿಡಿದು ಕೊಮ್ಮೊಸ್‌ಗೆ ಹೋದೆವು, ದಕ್ಷಿಣ ತೀರ. ಅಗೆತದ ಜಾಗಕ್ಕೆ ಬೇಲಿ, ಒಳಗೆ ಬಿಡುವುದಿಲ್ಲ; ಹೊರಗಿನಿಂದಲೇ ನೋಡಬೇಕು. ಅಲ್ಲಿ ಕ್ರಿ.ಪೂ. 800ರ ಆಸುಪಾಸಿನ ಗುಡಿಯೊಳಗೆ ಸಾಲಾಗಿ ನೆಟ್ಟ ಮೂರು ಕಂಬಗಳ ಪೂಜಾಸ್ಥಾನ ಸಿಕ್ಕಿದೆ, ಫಿನೀಷಿಯನ್ನರ ರೀತಿಯದು. ಜೊತೆಗೆ ಅವರ ಜಾಡಿಗಳ ಚೂರು, ಮುಂದಿನ ಕಾಲದ ಗ್ರೀಕ್ ಗೀಚು ಬರಹ. ಪಶ್ಚಿಮಕ್ಕೆ ಹೋಗುವ ಹಡಗಿನವರು ಇಳಿದು, ನೀರು ತುಂಬಿ, ದೇವರಿಗೆ ಕೈಮುಗಿದು ಹೋಗುತ್ತಿದ್ದ ರೇವು.

ದಾರಿಯುದ್ದಕ್ಕೂ ನಮ್ಮಿಬ್ಬರಿಗೆ ವಾದ. ನಾನು ಎರೆಟ್ರಿಯಾದವರ ಪರ: ಹಡಗಿನ ವ್ಯಾಪಾರಿಗಳು, ಕುಡಿತದ ಗೆಳೆತನ, ಬಟ್ಟಲ ಮೇಲೆ ಹೆಸರು ಹಾಕುವುದನ್ನು ನೋಡಿ ಕಲಿತದ್ದು. ಅಕ್ಕ ಒಪ್ಪಲಿಲ್ಲ. "ನೋಡಿ ಕಲಿತ್ರೆ ಹೆಸರು ಬರೆಯೋಕೆ ಬರತ್ತೆ. ಇಪ್ಪತ್ತೆರಡೂ ಅಕ್ಷರ, ಕ್ರಮ ತಪ್ಪದೆ, ಹೆಸರಿನ ಸಮೇತ ಬಾಯಿಪಾಠ ಆಗ್ಬೇಕಾದ್ರೆ ಯಾರೋ ಕೂರ್ಸಿ ಹೇಳ್ಕೊಟ್ಟಿರ್ಬೇಕು, ದಿನಾ. ಅಪ್ಪನದೊಂದು ಭಾಷೆ, ಅಮ್ಮನದೊಂದು ಭಾಷೆ ಇರೋ ಮನೆ ಮಗು ಅದು. ಎರಡೂ ಕಿವಿಗೆ ಬಿದ್ದಿರತ್ತೆ." ಎರಡು ಭಾಷೆಯ ಮನೆಗಳ ಮಾತನ್ನು ವಿದ್ವಾಂಸರೂ ಎತ್ತಿದ್ದಾರೆ ಎಂದೆ. ಹಾಗಾದರೆ ಅಂಥ ಮನೆ ಯಾವ ಊರಿನದು, ಎರೆಟ್ರಿಯಾವೋ, ಕ್ರೀಟೋ, ಸೈಪ್ರಸ್ಸೋ, ಸಿರಿಯಾದ ತೀರವೋ ಎಂದು ಕೇಳಿದ್ದಕ್ಕೆ ಅಕ್ಕನ ಉತ್ತರ: "ಅದನ್ನ ನೀನು ಹುಡುಕು, ಶಾಸನದ ಹುಚ್ಚು ನಿಂದು."

ಮೀರೆಸ್ಸಿನಲ್ಲಿ ಹೆರಾಕ್ಲಿಯೊನ್ ಬಸ್ಸು ನಿಂತೇ ಇತ್ತು. ಓಡಿ ಹತ್ತಿದೆವು.